ಮಳೆಯಲ್ಲಿ ಓಡಿದ ಮೋಟರು

"ಆಗೋ ಮಾತಲ್ಲ ಬುಡು" ಅಂದವಳು ನನ್ನ ಸೋದರತ್ತೆ. ನಾನು ಪಿಯುಸಿ ಮುಗಿಸಿದ ವರ್ಷ ನಮ್ಮ ಜಗಲಿಯ ಮೇಲೆ ಕೂತು, ನನ್ನ ಎದುರಿಗೇ ಅಪ್ಪನಿಗೆ ಹೇಳಿದ್ದಳು. "ಇವಳ್ನ ಬಿಟ್ರೆ ನಮ್ಮನೇಲಿ ಯಾರು ಹತ್ತು ದಾಟವ್ರೆ ಹೇಳು. ಕೊಬ್ಬರಿ ಆರಿಸೋ ಕೈಗೆ ಡಿಗ್ರಿ ಕೊಡ್ತಾರಾ?"

ಅಪ್ಪ ನಕ್ಕು ಸುಮ್ಮನಾದ. ನಾನು ಸುಮ್ಮನಾಗಲಿಲ್ಲ. ಹೊನ್ನವಳ್ಳಿಯಿಂದ ತಿಪಟೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎಸ್ಸಿ. ಮುಗಿಸಿದೆ. ಆಮೇಲೆ ಹಾಸ್ಟೆಲಿನಲ್ಲಿದ್ದು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಇಷ್ಟನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ತೆಗೆದುಕೊಂಡದ್ದು ವಿದ್ಯುತ್ ಉತ್ಪಾದನೆಯಿಂದ ಗಾಳಿಗೆ ಸೇರುವ ಇಂಗಾಲದ ಲೆಕ್ಕ. ರಜೆಗೆ ಬಂದಾಗ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಅಪ್ಪ ಬಗ್ಗಿ ನೋಡಿ, "ಇದೇನವ್ವ ಎರಡು ಗೆರೆ, ಒಂದು ಇಳೀತದೆ, ಒಂದು ಹತ್ತತದೆ?" ಅಂದ.

ವಿವರಿಸಿದೆ. ಬಿಸಿಲಿನಿಂದ, ಗಾಳಿಯಿಂದ ಕರೆಂಟು ಬರುತ್ತಿರುವುದರಿಂದ ಒಂದೊಂದು ಯೂನಿಟ್ಟಿನ ಹಿಂದಿರುವ ಹೊಗೆ ಕಡಿಮೆಯಾಗುತ್ತಿದೆ. ಆದರೆ ನಾವು ಉರಿಸುವ ಯೂನಿಟ್ಟುಗಳೇ ಹೆಚ್ಚುತ್ತಿರುವುದರಿಂದ ಒಟ್ಟು ಹೊಗೆ ಏರುತ್ತಲೇ ಇದೆ.

ಹೊರಗೆ ಮಳೆ ಹನಿಯುತ್ತಿತ್ತು. ಪಂಪ್‌ಸೆಟ್ಟುಗಳಿಗೆ ಕೊಡುವ ತ್ರೀ ಫೇಸ್ ಕರೆಂಟು ಬಂದ ಹೊತ್ತು. ಕೆರೆ ಏರಿಯ ಆಚೆಗಿರುವ ನಮ್ಮ ತೋಟದಲ್ಲಿ ಬೋರಿನ ಮೋಟರು ತಾನಾಗಿ ಶುರುವಾಗಿ ಓಡುತ್ತಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನಮ್ಮ ಕಡೆ ಎಲ್ಲರೂ ಸ್ಟಾರ್ಟರಿಗೆ ಆಟೋ ಸ್ವಿಚ್ ಹಾಕಿಸಿರುತ್ತಾರೆ. ಕರೆಂಟು ಬಂದೊಡನೆ ಮೋಟರು ಓಡುತ್ತದೆ, ಹೋಗುವ ತನಕ ನಿಲ್ಲುವುದಿಲ್ಲ. ನೆಲ ಒಣಗಿದೆಯೋ ನೆನೆದಿದೆಯೋ ಕೇಳುವವರಿಲ್ಲ.

"ನೋಡಪ್ಪ, ಮಳೇಲೂ ನಮ್ಮ ಮೋಟ್ರು ಓಡ್ತೈತೆ. ಅದಕ್ಕೆ ಎಲ್ಲೋ ಕಲ್ಲಿದ್ದಲು ಉರೀತೈತೆ" ಅಂದೆ. ಕ್ಲಾಸಿನಲ್ಲಿ ಉತ್ತರ ಹೇಳುವ ಗತ್ತಿನಲ್ಲೇ ಅಂದೆ. ಅಪ್ಪ ಎದ್ದು ನಿಂತು ಏರಿಯ ಕಡೆ ನೋಡಿದ.

ನಾನು ಹಾಸ್ಟೆಲಿಗೆ ಹಿಂತಿರುಗಿದೆ. ಅಲ್ಲಿ ನಾನು ಕ್ಲಾಸಿಗೆ ಹೋದರೂ ನನ್ನ ಕೋಣೆಯ ಫ್ಯಾನು ತಿರುಗುತ್ತಲೇ ಇರುತ್ತಿತ್ತು.

ಪ್ರಾಜೆಕ್ಟ್ ಮುಗಿಸಿ ಊರಿಗೆ ಬಂದಾಗ ಅಪ್ಪ ಮನೆಯಲ್ಲಿರಲಿಲ್ಲ. ಅವ್ವ ರೊಟ್ಟಿ ತಟ್ಟುತ್ತಾ, "ಮೋಟ್ರು ನಿಲ್ಸಾಕೆ ಹೋಗವ್ರೆ. ಆಟೋ ತೆಗೆದಾಕವ್ರಲ್ಲ, ನಿನ್ನ ಉಪದೇಶ ಕೇಳಿ" ಅಂದಳು. "ಕರೆಂಟು ಬಂದ್ರೆ ಹಾಕಾಕೆ ಒಂದ್ಸಲ, ಪಾತಿ ನೆಂದ್ರೆ ನಿಲ್ಸಾಕೆ ಇನ್ನೊಂದ್ಸಲ. ಮೊನ್ನೆ ಏರಿ ಮೇಲೆ ಜಾರಿ ಮಂಡಿ ಊದ್ಕಂಡೈತೆ."

ಏರಿಯ ಕಡೆ ನೋಡಿದೆ. ಅಪ್ಪ ಒಂದು ಕಾಲು ಎಳೆದುಕೊಂಡು ಬರುತ್ತಿದ್ದ. ಮೊಬೈಲಿನಿಂದ ಹಾಕಿ ನಿಲ್ಲಿಸುವ ಸ್ಟಾರ್ಟರ್ ಇದೆ, ಆದರೆ ನಮ್ಮ ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅಕ್ಕಪಕ್ಕದ ತೋಟಗಳ ಮೋಟರುಗಳೆಲ್ಲ ಆಟೋದಲ್ಲೇ ಇವೆ. ಏರುತ್ತಿರುವ ಆ ಗೆರೆಗೆ ಅಪ್ಪನ ಮಂಡಿಯ ವಿಷಯ ತಿಳಿಯುವುದೂ ಇಲ್ಲ. ಆದರೂ ಆಟೋ ಮತ್ತೆ ಹಾಕು ಎಂದು ಅಪ್ಪನಿಗೆ ಹೇಳಲಿಲ್ಲ. ನನ್ನ ಮಾತಿಗೆ ಮನೆಯಲ್ಲಿ ಬೆಲೆ ಬಂದಿದ್ದೇ ಆಗ. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲವೇನೋ. ರಾತ್ರಿ ಅಪ್ಪನ ಮಂಡಿಗೆ ಎಣ್ಣೆ ತಿಕ್ಕಿ ಮಲಗಿದೆ.

ಘಟಿಕೋತ್ಸವಕ್ಕೆ ಅಪ್ಪ ಬರಲಿಲ್ಲ. ಅಷ್ಟು ಹೊತ್ತು ಬಸ್ಸಿನಲ್ಲಿ ಕಾಲು ಮಡಚಿ ಕೂರಲು ಆಗುತ್ತಿರಲಿಲ್ಲ. ಮರುದಿನ ಸರ್ಟಿಫಿಕೇಟ್ ಹಿಡಿದು ಸೀದಾ ತೋಟಕ್ಕೆ ಹೋದೆ. ಅಪ್ಪ ಪಂಪ್‌ಹೌಸಿನ ಮುಂದೆ ಕೂತಿದ್ದ. ಪಂಚೆಗೆ ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡ, ಅಂಚನ್ನಷ್ಟೇ ಹಿಡಿದು ನೋಡಿದ.

"ಅಪ್ಪ, ಆಟೋ ಹಾಕ್ಬುಡು" ಅಂದೆ. "ನಾವೊಬ್ರು ನಿಲ್ಸಿದ್ರೆ ಎಷ್ಟು ಹೊಗೆ ಇಳಿದೀತು? ನಿನ್ನ ಕಾಲು ಹೋಗ್ತೈತೆ."

ಅಪ್ಪ ಸರ್ಟಿಫಿಕೇಟಿನಿಂದ ತಲೆ ಎತ್ತಿದ. "ಹಂಗಾರೆ ಅವತ್ತು ನೀನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ."

"ಮತ್ತೆ ಸುಮ್ನಿರವ್ವ. ನಿನ್ನ ಓದ್ಸಿದ್ದು ನಿನ್ ಮಾತು ನಾವು ಕೇಳಾಕೆ ತಾನೆ."