ಬಾದುಶಾದ ಮೇಲಿನ ಸಕ್ಕರೆ

ಸಕ್ಕರೆ ಪಾಕ ಕುದಿಯುವ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರೀತು. ನನಗೆ ಮೊದಲು ನೆನಪಾಗುವುದು ಆಸ್ಪತ್ರೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಮದರಾಸಿನ ವಡಪಳನಿಯ ನಮ್ಮ ಮನೆಯಲ್ಲಿ ಬಾದುಶಾಕ್ಕೆ ಪಾಕ ಇಟ್ಟಿದ್ದೆ. ನಾಳೆ ಹೆಂಡತಿಯ ತಪಾಸಣೆ. ಪ್ರತಿ ತಪಾಸಣೆಯ ಹಿಂದಿನ ದಿನ ಅವಳಿಗೆ ಬಾದುಶಾ ಬೇಕು. ನನಗೆ ಬೇಕಾದ್ದು ಧೈರ್ಯ; ಅದನ್ನು ಕಾಯಿಸುವ ಬಾಣಲೆ ನನ್ನಲ್ಲಿಲ್ಲ.

ನಾನು ಶಾಲೆಗೆ ಬೇಗನೆ ಕೈಮುಗಿದು ಕುಂದಾಪುರದ ಕಡೆಯಿಂದ ಮದರಾಸಿನ ಹೋಟೆಲಿಗೆ ಬಂದವನು. ಲೋಟ ತೊಳೆದು, ಹಿಟ್ಟು ರುಬ್ಬಿ, ಕೊನೆಗೆ ಸ್ವೀಟ್ ಮಾಸ್ಟರ್ ಆದೆ. ಹೋಟೆಲಿನ ಅಡುಗೆಮನೆಯಲ್ಲೂ ಮೇಲುಕೀಳು ಉಂಟು ಸ್ವಾಮಿ. ಪಾಕದ ಮುಂದೆ ನಿಂತವನನ್ನು ಧಣಿಗಳೂ ಬಹುವಚನದಲ್ಲೇ ಕರೆಯುತ್ತಾರೆ. ಎರಡು ಬೆರಳ ನಡುವೆ ಪಾಕದ ಎಳೆ ಕಡಿಯದೆ ಬರುತ್ತದೆಯೇ ಎಂದು ಹದ ನೋಡುವಾಗ ನಾನು ಯಾರೊಡನೆಯೂ ಮಾತಾಡುತ್ತಿರಲಿಲ್ಲ, ಅಷ್ಟು ಜಂಬ. ಇಂಗ್ಲಿಷ್ ಓದಿದವರು ನನ್ನ ಮೈಸೂರುಪಾಕಿಗೆ ಸಾಲು ನಿಲ್ಲುವುದನ್ನು ಅಡುಗೆಮನೆಯ ಬಾಗಿಲ ಸಂದಿನಿಂದ ನೋಡಿ ಮೀಸೆ ಸವರಿಕೊಂಡದ್ದೂ ಉಂಟು.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಅವಳ ಎದೆಯಲ್ಲಿ ಗಡ್ಡೆ ಕಂಡಿತು. ಬೇಗ ಹರಡುವ ಜಾತಿಯದು ಎಂದರು. ಕೊಯ್ದು ತೆಗೆದ ಮೇಲೆ ಆಸ್ಪತ್ರೆಯ ಲ್ಯಾಬಿನ ಡಾಕ್ಟರಮ್ಮ ಬಂದರು, ಮೈಸೂರಿನವರು. ಆ ಗಡ್ಡೆಯ ತುಣುಕನ್ನು ತಮ್ಮ ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿದರು. "ಈ ಜೀವಕೋಶಗಳ ಮೈಮೇಲೆ ಸಕ್ಕರೆಯ ಅಣುಗಳಿರುತ್ತೆ. ಕಡಲೆಕಾಯಿಯಿಂದ ತೆಗೆದ ಒಂದು ಪದಾರ್ಥ ಅದಕ್ಕೆ ಅಂಟಿಕೊಳ್ಳುತ್ತೆ. ಅದರಿಂದ ಗುರುತು ಹಿಡೀಬಹುದಾ ಅಂತ ನೋಡ್ತಿದೀವಿ."

ತಗೊಳ್ಳಿ ಎಂದೆ. ಆದರೆ ಮೆಟ್ಟಿಲಿಳಿಯುವಾಗ ನನ್ನ ಅಂಗಿಯ ತೋಳನ್ನು ಮೂಸಿ ನೋಡಿದೆ. ಸಕ್ಕರೆ! ಅವಳ ಎದೆಯೊಳಗೆ ಅದು ಹೋದದ್ದು ಎಲ್ಲಿಂದ? ದಿನಾ ಅಂಗಿಯ ತೋಳಿನಲ್ಲಿ, ಉಗುರಿನ ಸಂದಿಯಲ್ಲಿ ಮನೆಗೆ ಹೊತ್ತು ತಂದವನು ಯಾರು? ಉಳಿದ ಜಹಾಂಗೀರು, ಬಾದುಶಾ ಕಟ್ಟಿ ತಂದು "ತಿನ್ನು ತಿನ್ನು" ಎಂದವನು ಯಾರು?

ಮರುದಿನವೇ ಮನೆಯ ಸಕ್ಕರೆ, ಬೆಲ್ಲ ಎರಡನ್ನೂ ಪಕ್ಕದ ಮನೆಗೆ ಕೊಟ್ಟೆ. ಧಣಿಗಳ ಹತ್ತಿರ ಹೋಗಿ ಪಾಕ ಬಿಟ್ಟು ಕೆಳಗಿನ ದೋಸೆ ಕಾವಲಿಯ ಕೆಲಸ ಕೇಳಿದೆ. ಕಾರಣ ಹೇಳಲಿಲ್ಲ. ಸಪ್ಲೈಯರ್ ಸೆಲ್ವಂ ಸುಮ್ಮನಿರುವ ಜಾತಿಯೇ? "ಎನ್ನ ಮಾಸ್ಟರ್, ಪ್ರಮೋಷನಾ?" ಏನು, ಬಡ್ತಿಯೇ ಎಂದು ತಮಿಳಿನಲ್ಲಿ ಕೇಳಿ ಎಲ್ಲರೆದುರು ನಕ್ಕ. ನಾನು ದೋಸೆ ತಿರುವಿ ಹಾಕಿದೆ. ಅದು ಸೀದಿತ್ತು.

ಕ್ಯಾನ್ಸರಿನ ಇಂಜೆಕ್ಷನ್ ಶುರುವಾದ ಮೇಲೆ ಅವಳಿಗೆ ಅನ್ನ ಕಬ್ಬಿಣ ನೆಕ್ಕಿದ ಹಾಗೆ. ಸಿಹಿ ಒಂದು ಮಾತ್ರ ಗಂಟಲಲ್ಲಿ ಇಳಿದೀತು ಎನ್ನುತ್ತಿದ್ದಳು. ನಾನು ಸಪ್ಪೆ ಗಂಜಿ ಹಿಡಿದು ನಿಲ್ಲುತ್ತಿದ್ದೆ. ರವಿಕೆ ಸಡಿಲವಾಯಿತು, ಬಳೆ ಮೊಣಕೈವರೆಗೆ ಏರತೊಡಗಿತು. ತೂಕ ನೋಡಿದ ದೊಡ್ಡ ಡಾಕ್ಟರು ಮುಖ ಗಂಟಿಕ್ಕಿದರು. ಹೀಗೇ ಇಳಿದರೆ ಮುಂದಿನ ಇಂಜೆಕ್ಷನ್ ತಡೆಯಬೇಕಾಗುತ್ತದಂತೆ. ಈ ಜಾತಿಯ ಗಡ್ಡೆ ನಮಗಾಗಿ ಕಾಯುವುದಿಲ್ಲವಂತೆ.

ಹೊರಗೆ ಬೆಂಚಿನ ಮೇಲೆ ಅವಳು ನನ್ನ ತೋಳಿನ ಹತ್ತಿರ ಮೂಗು ತಂದಳು. "ಹ್ವಾಯ್, ಎಂತ ಇದು? ನಿಮ್ಮ ಅಂಗಿಯಲ್ಲಿ ಒಗ್ಗರಣೆ ವಾಸನೆ! ತುಪ್ಪದ ಪರಿಮಳ ಎಲ್ಲಿ ಹೋಯ್ತು?"

ಹೇಳದೆ ಗತಿಯಿರಲಿಲ್ಲ. ಕೇಳಿದವಳು ಅಳಲೂ ಇಲ್ಲ, ನಗಲೂ ಇಲ್ಲ. "ಪಾಕ ಬಿಟ್ಟು ದೋಸೆ ಹೊಯ್ತ್ರಾ? ನನಗೋಸ್ಕರ? ಏಳಿ ಮಾರಾಯ್ರೆ" ಎಂದು ನನ್ನ ಕೈ ಹಿಡಿದು ನೇರ ಲ್ಯಾಬಿನ ಬಾಗಿಲಿಗೆ ಎಳೆದೊಯ್ದಳು.

ಅವಳು ಎಲ್ಲವನ್ನೂ ಹೇಳಿದ ಮೇಲೆ ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಯ್ಯೋ, ನಾನು ಬಿಡಿಸಿ ಹೇಳಬೇಕಿತ್ತು. ಬಾದುಶಾಗೆ ನೀವು ಮೇಲಿಂದ ಪಾಕ ಹಾಕ್ತೀರಿ. ಕೋಶಕ್ಕೆ ಹಾಗೆ ಯಾರೂ ಹಾಕಲ್ಲ. ಒಳಗೆ ತಾನೇ ಕಟ್ಟಿ ಹೊರಗೆ ತೊಟ್ಕೊಳ್ಳುತ್ತೆ. ಒಳ್ಳೇ ಕೋಶವೂ ತೊಡುತ್ತೆ. ಕೆಟ್ಟದ್ದರ ಉಡುಪು ಬೇರೆ ಥರ ಇರುತ್ತೆ, ನಾವು ಹುಡುಕೋದು ಅದನ್ನ. ನಿಮ್ಮ ಅಂಗಿಯ ಸಕ್ಕರೆಗೂ ಇದಕ್ಕೂ ಸಂಬಂಧ ಇಲ್ಲ. ಈಗ ಅವರ ಗಂಟಲಲ್ಲಿ ಇಳಿಯೋದನ್ನ ಕೊಡಿ."

"ಹಾಗಾದ್ರೆ ಇವಳು ಉಳೀತಾಳಾ?" ನನ್ನ ಬಾಯಿಂದ ಹೊರಬಿದ್ದೇಬಿಟ್ಟಿತು.

"ಅದನ್ನ ಹೇಳೋಷ್ಟು ನಮಗಿನ್ನೂ ಗೊತ್ತಿಲ್ಲ" ಎಂದರು. ಸುಳ್ಳು ಹೇಳಲಿಲ್ಲ ಎಂಬುದೇ ನನಗೆ ಆ ಹೊತ್ತಿನ ಆಧಾರ.

ಸಂಜೆ ಅಕ್ಕಿ ರುಬ್ಬಿ, ಬೆಲ್ಲ ಹಾಕಿ ಕಾಯಿಸಿ ಹಾಲುಬಾಯಿ ಮಾಡಿದೆ. ಬೆಲ್ಲವನ್ನು ಪಕ್ಕದ ಮನೆಯಿಂದ ವಾಪಸ್ ಕೇಳಿ ತಂದದ್ದು. ಮರ್ಯಾದೆ ಆವತ್ತು ಅಡ್ಡ ಬರಲಿಲ್ಲ. ಅವಳು ಒಂದು ತುಂಡು ತಿಂದಳು, ಇನ್ನೊಂದಕ್ಕೆ ಕೈ ಚಾಚಿದಳು. ಇಂಜೆಕ್ಷನ್ ತಪ್ಪಲಿಲ್ಲ. ನಾನು ಪಾಕಕ್ಕೆ ಮರಳಿದೆ. ಸೆಲ್ವಂ ಮಾತ್ರ ಬಹಳ ಕಾಲ ನನ್ನನ್ನು "ದೋಸೈ ಮಾಸ್ಟರ್" ಎಂದೇ ಕರೆದ.

ವರ್ಷಗಳು ಹೋದವು. ಭಯ ಹೋಗಲಿಲ್ಲ. ಆ ಇಂಜೆಕ್ಷನ್ನಿನ ಔಷಧಿ ಅವಳ ಬೆರಳ ತುದಿಗಳನ್ನು ಮರಗಟ್ಟಿಸಿ ಹೋಗಿದೆ. ಬಿಸಿ, ತಂಪು ತಿಳಿಯುವುದಿಲ್ಲ.

ಇವತ್ತು ಪಾಕ ಹದಕ್ಕೆ ಬರುವಾಗ ನಾನು ಎಳೆ ನೋಡದೆ ಸೌಟು ತಿರುವುತ್ತಲೇ ಇದ್ದೆ. "ಸರೀರಿ ಅತ್ಲಾಗೆ" ಎಂದು ಅವಳು ಪಕ್ಕಕ್ಕೆ ಬಂದಳು. ಒಂದು ಹನಿಯನ್ನು ತಟ್ಟೆಗೆ ಹಾಕಿ ಆರಿಸಿ ಕೊಟ್ಟೆ. ಅವಳು ಅದನ್ನು ಮುಟ್ಟಿ, ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಅಗಲಿಸಿದಳು. ಬೆರಳಿಗೆ ತಿಳಿಯದ್ದನ್ನು ಕಣ್ಣಿಂದ ಕಾಣುತ್ತಿದ್ದಳು.

"ಎಳೆ ಬಂತು ಕಾಣಿ" ಎಂದಳು. "ಕಡಿಯಲಿಲ್ಲ."

ಒಲೆ ಆರಿಸಿದೆ.