ಅಣ್ಣನ ಪದಕ, ಗುಲಾಬಿ ಮಾತ್ರೆ

ಅಣ್ಣ ಭಾರ ಎತ್ತುವವನು. ಎಪ್ಪತ್ತರ ದಶಕದಲ್ಲಿ ಕುದ್ರೋಳಿಯ ನಮ್ಮ ಓಣಿಯಲ್ಲಿ ಅದೇನು ದೊಡ್ಡ ವಿಶೇಷವಾಗಿರಲಿಲ್ಲ. ಸಂಜೆ ಕೆಲಸ ಮುಗಿಸಿದ ಗಂಡಸರು ಬಹಳ ಮಂದಿ ವ್ಯಾಯಾಮಶಾಲೆಗೆ ಹೋಗುತ್ತಿದ್ದರು. ಹೆಂಚು ಹೊದೆಸಿದ ಉದ್ದನೆಯ ಕೋಣೆ, ಗೋಡೆಯಲ್ಲಿ ಹನುಮಂತನ ಪಟ, ಪಕ್ಕದಲ್ಲಿ ಆ ವ್ಯಾಯಾಮಶಾಲೆ ಕಟ್ಟಿದ ಗುರುಗಳ ಫೋಟೋ. ಆ ಗೋಡೆಗೆ ಇನ್ನೊಂದು ಫೋಟೋ ಏರಬೇಕಾದರೆ ಸದಸ್ಯರೆಲ್ಲ ಸೇರಿ ಒಪ್ಪಬೇಕಿತ್ತು. ಬದುಕಿರುವ ಯಾರಿಗೂ ಆ ಮರ್ಯಾದೆ ಸಿಕ್ಕಿರಲಿಲ್ಲ. ಎಂಬತ್ತರ ದಶಕದ ನಡುವೆ, ಅಣ್ಣ ಸ್ಪರ್ಧೆ ಬಿಟ್ಟ ಮೇಲೆ, ಅವನ ಹೆಸರು ಬಂತು.

ಅಮ್ಮ ಆಗಲೇ ನೆರೆಹೊರೆಗೆಲ್ಲ ಹೇಳಿಯಾಗಿತ್ತು. ಸದಸ್ಯರ ಸಭೆಗೆ ಮುಂಚಿನ ಭಾನುವಾರ ಅಣ್ಣನ ಹಳೆಯ ಗೆಳೆಯ ಮನೆಗೆ ಬಂದರು. ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಅಣ್ಣನ ಜೊತೆಯಲ್ಲೇ ಭಾರ ಎತ್ತಲು ಕಲಿತವರು, ಅವನದೇ ತೂಕದ ವಿಭಾಗ, ಕೊನೆಕೊನೆಗೆ ಯಾವಾಗಲೂ ಅವನ ಹಿಂದೆ ಎರಡನೆಯವರು. ನಮ್ಮ ಅಡುಗೆಮನೆಯಲ್ಲೇ ಕೂತು ಉಣ್ಣುವಷ್ಟು ಸಲಿಗೆ. ಆ ದಿನ ಮಾತ್ರ ಒಳಗೆ ಬರಲಿಲ್ಲ.

"ನೀನೇ ಹೇಳ್ತೀಯಾ, ನಾನು ಹೇಳಬೇಕಾ?" ಎಂದರು.

"ಎಂತದ್ದು?" ಅಣ್ಣ ಕೇಳಿದ.

"ಎಂತದ್ದು ಅಂತ ನಿನಗೆ ಗೊತ್ತುಂಟು ಮಾರಾಯ."

ನಾನು ತಂದ ಕಾಫಿ ಜಗಲಿಯ ಮೇಲೆ ಹಾಗೇ ಆರಿತು.

ನನಗೂ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ತರಬೇತಿ ಶಿಬಿರದಿಂದ ಅಣ್ಣ ಒಂದು ಡಬ್ಬಿ ಹಿಡಿದುಕೊಂಡು ಬಂದಿದ್ದ. ಒಳಗೆ ಗುಲಾಬಿ ಬಣ್ಣದ ಸಣ್ಣ ಮಾತ್ರೆಗಳು. "ವಿಟಮಿನ್" ಎಂದ. ವಿಟಮಿನ್ ಆದರೆ ಅಕ್ಕಿ ಡ್ರಮ್ಮಿನ ಹಿಂದೆ ಯಾಕೆ ಇಡಬೇಕು? ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಅಂಗಿಗಳೆಲ್ಲ ಭುಜದಲ್ಲಿ ಹರಿದವು. ಬೆನ್ನ ತುಂಬ ಮೊಡವೆ. ಒಮ್ಮೆ ಗಂಜಿ ಬಿಸಿಯಾಯಿತು ಎಂದು ಬಟ್ಟಲನ್ನು ಗೋಡೆಗೆ ಎಸೆದ. ಅಲ್ಲಿಯವರೆಗೆ ಅಮ್ಮನ ಎದುರು ದನಿ ಎತ್ತಿದವನೇ ಅಲ್ಲ ಅವನು. ಆ ವರ್ಷ ರಾಜ್ಯ ತಂಡದಲ್ಲಿ ಅವರ ವಿಭಾಗಕ್ಕೆ ಇದ್ದ ಒಂದೇ ಜಾಗ ಅಣ್ಣನಿಗೆ ಸಿಕ್ಕಿತು. ಗೆಳೆಯ ಊರಲ್ಲೇ ಉಳಿದರು. ಅಣ್ಣ ರಾಷ್ಟ್ರ ಮಟ್ಟದ ಚಿನ್ನ ತಂದ. ರೈಲ್ವೇ ಸ್ಟೇಶನ್ನಿನಿಂದ ಹಂಪನಕಟ್ಟೆಯ ಮೂಲಕ ನಮ್ಮ ಓಣಿಯವರೆಗೆ ತೆರೆದ ಜೀಪಿನಲ್ಲಿ ಮೆರವಣಿಗೆ. ಪದಕದಿಂದ ಬ್ಯಾಂಕಿನಲ್ಲಿ ಕೆಲಸವೂ ಆಯಿತು. ಆಮೇಲೆ ಕಣ್ಣು ಹಳದಿಯಾಗಿ ಮಲಗಿದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇವರು ಎಂತ ತಿಂತಿದ್ದಾರೆ? ನಿಲ್ಲಿಸದಿದ್ದರೆ ಕಷ್ಟ ಉಂಟು" ಎಂದರು. ನಾನು ಡಬ್ಬಿಯನ್ನು ಮನೆಯ ಹಿಂದೆ ಹರಿಯುವ ತೋಡಿಗೆ ಸುರಿದೆ.

ಸಭೆಯ ದಿನ ನಾನೂ ಹೋದೆ. ಹೆಂಗಸರು ಒಳಗೆ ಹೋಗುವ ರೂಢಿ ಇರಲಿಲ್ಲ, ಬಾಗಿಲಲ್ಲಿ ನಿಂತೆ. ಅಧ್ಯಕ್ಷರು ಅಣ್ಣನ ಹೆಸರು ಹೇಳಿದರು. ಚಪ್ಪಾಳೆ ಬಿತ್ತು. ಗೆಳೆಯ ಎದ್ದು ನಿಂತರು.

ಅವರು ಬಾಯಿ ತೆರೆಯುವ ಮೊದಲೇ ಅಣ್ಣ ಕುರ್ಚಿ ಸರಿಸಿ ಎದ್ದ. "ನಾನು ಮೈ ಬೆಳೆಸುವ ಮಾತ್ರೆ ತಿಂದಿದ್ದೇನೆ. ಚಿನ್ನ ಬಂದದ್ದು ಅದೇ ವರ್ಷ."

ಚಪ್ಪಾಳೆ ತಟ್ಟಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಿಂದ ಒಬ್ಬರು, "ಅದಕ್ಕೆಂತ? ಆಗ ಎಲ್ಲರೂ ತಿಂತಿದ್ದರು. ಪರೀಕ್ಷೆ ಮಾಡುವವರು ಯಾರಿದ್ದರು?" ಎಂದರು. "ಮಾತ್ರೆ ಬಂದು ರಾಡ್ ಎತ್ತುತ್ತದಾ? ಎತ್ತಿದ್ದು ಇವನ ಸೊಂಟ!" ಎಂದರು ಇನ್ನೊಬ್ಬರು. ಗಲಾಟೆ ಏರಿತು.

"ಎಲ್ಲರೂ ಅಲ್ಲ," ಗೆಳೆಯ ಹೇಳಿದರು. "ನಾನು ತಿನ್ನಲಿಲ್ಲ. ಶಿಬಿರದಲ್ಲಿ ನನಗೂ ಕೊಡಲು ಬಂದಿದ್ದರು. ತಪ್ಪಲ್ಲದಿದ್ದರೆ ಇವನು ಅಡಗಿಸಿ ತಿಂದದ್ದು ಯಾಕೆ?"

ಅಧ್ಯಕ್ಷರು ಅಣ್ಣನ ಕಡೆ ತಿರುಗಿ ಮೆಲ್ಲಗೆ, "ನೀನೇ ಹೇಳು, ಎಂತ ಮಾಡುವ?" ಎಂದರು.

"ನಾನು ಹೇಳುವುದು ಸರಿಯಾಗುವುದಿಲ್ಲ," ಎಂದು ಅಣ್ಣ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತ. ಒಳಗೆ ಅಧ್ಯಕ್ಷರು ಕೈ ಎತ್ತಿಸಿದರು. ಎಣಿಸುವ ಅಗತ್ಯವೂ ಬೀಳಲಿಲ್ಲ. ಬೇಡ ಎಂದವರೇ ಜಾಸ್ತಿ. ಆಗ ಯಾರೋ, ಹಾಗಾದರೆ ಗೆಳೆಯನ ಫೋಟೋ ಹಾಕುವ ಎಂದರು. ಗೆಳೆಯ ಸಿಟ್ಟಿನಿಂದ, "ನಾನು ಫೋಟೋಕ್ಕೆ ಬಂದದ್ದಲ್ಲ. ನನಗೆ ಬೇಕಿದ್ದದ್ದು ಆಗ ತಂಡದಲ್ಲಿ ಒಂದು ಜಾಗ," ಎಂದು ಚಪ್ಪಲಿ ಹಾಕಿಕೊಂಡು ನಮ್ಮ ಎದುರಿನಿಂದಲೇ ಹೊರಟರು. ಅಣ್ಣ ಅವರನ್ನು ಕರೆಯಲು ಕೈ ಎತ್ತಿದ. ಅವರು ತಿರುಗಿ ನೋಡಲಿಲ್ಲ.

ಮನೆಯಲ್ಲಿ ಅಮ್ಮ ಅತ್ತಳು. "ಅವನಿಗೆ ಹೊಟ್ಟೆಕಿಚ್ಚು," ಎಂದಳು. ಅಣ್ಣ ಮೊದಲ ಬಾರಿ ಅವಳನ್ನು ತಡೆದ. "ಅವನಿಗೆ ಸಿಗಬೇಕಾದ್ದು ನಾನು ತಕ್ಕೊಂಡೆ ಅಮ್ಮ. ಅವನಿಗೆ ಬೈಬೇಡ."

ಗೆಳೆಯ ಮತ್ತೆ ನಮ್ಮಲ್ಲಿ ಉಣ್ಣಲು ಬರಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ಅಣ್ಣನೂ ಅವರೂ ಮಾತಾಡುತ್ತಿದ್ದರು, ಆದರೆ ಬಸ್ಸಿಗೆ ಕಾಯುವ ಅಪರಿಚಿತರ ಹಾಗೆ. ಅಣ್ಣ ವ್ಯಾಯಾಮಶಾಲೆ ಬಿಡಲಿಲ್ಲ. ಹೊಸಬರಿಗೆ ಕಲಿಸುತ್ತಿದ್ದ, ಯಾರಾದರೂ ವಿಟಮಿನ್ ಎಂದರೆ ಆ ದಿನ ಅವರನ್ನು ಮನೆಗೆ ಕಳಿಸುತ್ತಿದ್ದ.

ಬಹಳ ಸಮಯದ ಮೇಲೆ ನಾನು ಅವನೊಡನೆ ನೇರವಾಗಿ ಹೇಳಿದೆ: "ಅಣ್ಣ, ಒಳಗೆ ಇದ್ದಿದ್ದರೆ ನಾನೂ ಬೇಡ ಅಂತಲೇ ಕೈ ಎತ್ತುತ್ತಿದ್ದೆ." ಬೇಸರ ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ.

"ಗೊತ್ತುಂಟು," ಎಂದ. "ಫೋಟೋ ಹೋದದ್ದು ದೊಡ್ಡದಲ್ಲ. ಅದನ್ನು ತಿನ್ನದೆ ನಾನು ಎಷ್ಟು ಎತ್ತುತ್ತಿದ್ದೆ ಅಂತ ನನಗೇ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ."