ಮೂರನೇ ಮಷೀನು

ದಾಂಡೇಲಿಯ ಬಸಲಿಂಗಯ್ಯ ಮಾಸ್ತರರ ಟೈಪಿಂಗ್ ಕ್ಲಾಸಿನಲ್ಲಿ ನಮ್ಮನ್ನೆಲ್ಲ ಮಷೀನಿನ ನಂಬರು ಹಿಡಿದೇ ಕರೆಯುತ್ತಿದ್ದರು. ನಾನು ನಾಲ್ಕನೇ ಮಷೀನು. ಆದರೆ ನಾವೆಲ್ಲ ಕಾಗದದ ಗಿರಣಿಯ ಕೆಲಸಗಾರರ ಮಕ್ಕಳು, ನಮ್ಮ ಅಪ್ಪಂದಿರು ಅವರಿಗೆ ಗೊತ್ತಿದ್ದರು. 1979ರ ಜೂನಿನಲ್ಲಿ ಮೂರನೇ ಮಷೀನಿಗೆ ಬಂದು ಕೂತವಳ ಅಪ್ಪ ಯಾರಿಗೂ ಗೊತ್ತಿರಲಿಲ್ಲ. ಹಳಿಯಾಳದ ಕಡೆಯ ಹಳ್ಳಿಯ ಸಿದ್ದಿ ಹುಡುಗಿ, ಆಗಷ್ಟೇ ಬಿ.ಕಾಂ. ಸೇರಿದ್ದಳು.

ಹದಿನೈದು ದಿನಕ್ಕೇ ಅವಳು ಮಾಸ್ತರರ ಮುಂದೆ ಬ್ಯಾಂಕಿನ ಅರ್ಜಿಯೊಂದನ್ನು ಹಿಡಿದು ನಿಂತಳು. ನಾನು ಪಕ್ಕದಲ್ಲೇ ಇದ್ದೆ, ಎಲ್ಲ ಕೇಳಿಸಿತು. ಕಾಲೇಜಿನ ಲೆಕ್ಚರರು ಮೊದಲ ದಿನವೇ ಹೇಳಿದ್ದರಂತೆ: "ಬ್ಯಾಂಕಿನಾಗ ನೌಕರಿ ಬೇಕಂದ್ರ ಈಗಿಂದನ ತಯಾರಾಗ್ರಿ. ಮೊದಲ ಒಂದು ಪಾಸ್‌ಬುಕ್ ಮಾಡಸ್ರಿ. ಕೌಂಟರಿನ ಈ ಕಡೆ ನಿಂತು ಕಲತ್ರ ಆ ಕಡೆ ಕುಂದರಬಹುದು." ಉಳಿದವರು ಆ ಮಾತನ್ನು ಅಲ್ಲೇ ಬಿಟ್ಟು ಸಿನಿಮಾಕ್ಕೆ ಹೋದರು. ಇವಳೊಬ್ಬಳು ಗಂಟು ಕಟ್ಟಿಕೊಂಡು ಬಂದಳು.

ಅರ್ಜಿಯ ಕೆಳಗೆ ಒಂದು ಕಾಲಂ ಇತ್ತು. ಆ ಬ್ಯಾಂಕಿನ ಖಾತೆದಾರರೊಬ್ಬರು 'ಇವರನ್ನು ಕನಿಷ್ಠ ಆರು ತಿಂಗಳಿಂದ ಬಲ್ಲೆ' ಎಂದು ಸಹಿ ಹಾಕಬೇಕು. ಅವಳ ಹಳ್ಳಿಯಲ್ಲಿ ಯಾರಿಗೂ ಖಾತೆಯಿಲ್ಲ. ಅವಳು ಬಾಡಿಗೆಗಿದ್ದ ಮನೆಯ ಒಡತಿ ಗಿರಿಜಾಬಾಯಿಗೆ ಬ್ಯಾಂಕೆಂದರೆ ಭಯ. ಉಳಿದವರು ಮಾಸ್ತರರೊಬ್ಬರೇ.

"ನನ್ನ ಖಾತೆ ಐತಿ," ಎಂದರು ಮಾಸ್ತರರು. "ಆದ್ರ ನೀ ಬಂದು ಹದಿನೈದ ದಿನಾ ಆತು. ಆರ ತಿಂಗಳಿಂದ ಬಲ್ಲೆ ಅಂತ ಸುಳ್ಳ ಹೆಂಗ ಬರೀಲಿ? ಡಿಸೆಂಬರದಾಗ ಬಾ."

ಆಗ ನಾನು ಅವರ ಪ್ರಾಮಾಣಿಕತೆಗೆ ತಲೆದೂಗಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಅವಳು ಕಾದಳು. ಬೆಳಿಗ್ಗೆ ಆರಕ್ಕೆ ಎಲ್ಲರಿಗಿಂತ ಮೊದಲು ಬಂದು "ನಮಸ್ಕಾರ್ರಿ ಸರ್" ಎನ್ನುವಳು, ಹೋಗುವಾಗ ಮತ್ತೊಮ್ಮೆ ಹೇಳುವಳು. ಮಾಸ್ತರರು ಗೋಣು ಹಾಕುವರು. ಬಿಡುವಿದ್ದಾಗ ಬ್ಯಾಂಕಿಗೆ ಹೋಗಿ ಬಡ್ಡಿದರದ ಬೋರ್ಡು ಬರೆದುಕೊಳ್ಳುತ್ತಿದ್ದಳು. ಒಂದು ದಿನ ನಾನು ಅಲ್ಲಿದ್ದಾಗಲೇ ಸಿಪಾಯಿ, "ಯಾರನ್ನ ಕರೀಲಿಕ್ಕ ಬಂದೀ? ಹೊರಗ ನಿಂದರು," ಎಂದ. ಅವಳು ಹೊರಗೆ ಹೋಗಿ ಕಿಟಕಿಯಿಂದ ಉಳಿದದ್ದನ್ನು ಬರೆದುಕೊಂಡಳು.

ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತರೂ ಆರು ತಿಂಗಳಲ್ಲಿ ನಾನು ಅವಳನ್ನು ಒಮ್ಮೆಯೂ ಮಾತಾಡಿಸಲಿಲ್ಲ. ದೊಡ್ಡ ಕಾರಣವೇನಿಲ್ಲ. ಅವಳು ಸಿದ್ದಿ, ಅಷ್ಟೇ. ಹೇಳಲು ನಾಚಿಕೆಯಾಗುತ್ತದೆ.

ಡಿಸೆಂಬರಿನಲ್ಲಿ ಮಾಸ್ತರರು ಅವಳ ಜೊತೆ ಬ್ಯಾಂಕಿಗೆ ಬಂದರು. ಅಪ್ಪನ ಪಾಸ್‌ಬುಕ್ ಹಿಡಿದು ನಾನೂ ಅದೇ ಸಾಲಿನಲ್ಲಿದ್ದೆ. ಸಹಿಯಾದ ಮೇಲೆ ಆಫೀಸರರು ಅರ್ಜಿಯನ್ನು ಮೇಜಿನ ಮೇಲೆ ಬೋರಲು ಹಾಕಿ, "ಆರ ತಿಂಗಳಿಂದ ಬಲ್ಲಿರಿ. ಛಲೋ. ಈಕಿ ಹೆಸರೇನ್ರಿ?" ಎಂದರು.

ಮಾಸ್ತರರು ಬಾಯಿ ತೆರೆದರು. "ಈಕಿ... ಮೂರನೇ ಮಷೀನು."

ಸಾಲಿಗೆ ಸಾಲೇ ನಕ್ಕಿತು. ಮಾಸ್ತರರು ನನ್ನತ್ತ ತಿರುಗಿದರು. "ದುರ್ಗಪ್ಪನ ಮಗಳ, ನಿನಗ ಗೊತ್ತೇನ?"

ನಾನು ನೆಲ ನೋಡಿದೆ.

"ಅಗ್ನೆಸ್," ಎಂದಳು ಅವಳೇ. "ಅಗ್ನೆಸ್ ಪೆದ್ರು ಸಿದ್ದಿ."

ಆಫೀಸರರು ನಗುತ್ತಲೇ ಠಸ್ಸೆ ಒತ್ತಿದರು. ಅವರಿಗೆ ಬೇಕಿದ್ದದ್ದು ಸಹಿ, ಅದು ಇತ್ತು. ಪಾಸ್‌ಬುಕ್ಕನ್ನು ಪುಸ್ತಕದೊಳಗಿಟ್ಟುಕೊಂಡು ಅವಳು ಒಬ್ಬಳೇ ರಸ್ತೆ ದಾಟಿದಳು. ಮಾರನೆಯ ದಿನವೂ ಆರಕ್ಕೇ ಬಂದಳು. ನಮಸ್ಕಾರ ಮಾತ್ರ ಹೇಳಲಿಲ್ಲ.

ಏಳು ವರ್ಷಗಳ ನಂತರ, ಮದುವೆಯಾಗಿ ಮುಂಡಗೋಡಿಗೆ ಹೋದ ನನಗೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಸಂಬಳಕ್ಕೆ ಖಾತೆ ಬೇಕೆಂದರು. ಆ ಊರಿನಲ್ಲಿ ನನ್ನನ್ನು ಬಲ್ಲವರಲ್ಲಿ ಒಬ್ಬರಿಗೂ ಖಾತೆಯಿರಲಿಲ್ಲ. ಕೆಳಗಿನ ಕಾಲಂ ಖಾಲಿ ಬಿಟ್ಟು, ಕೇಳಿದರಾಯಿತೆಂದು ಬ್ಯಾಂಕಿನ ಸಾಲಿನಲ್ಲಿ ನಿಂತೆ. ಕೌಂಟರಿನ ಆ ಕಡೆ ಅಗ್ನೆಸ್ ಕೂತಿದ್ದಳು.

ಅವಳು ನನ್ನ ಮುಖ ನೋಡಿದಳು, ಅರ್ಜಿ ನೋಡಲಿಲ್ಲ.

"ಸತ್ತೆವ್ವ. ನಾಲ್ಕನೇ ಮಷೀನು. ಎಡಗೈ ಕಿರುಬೆರಳ ಯಾವಾಗ್ಲೂ ತಪ್ಪತಿತ್ತು ನಿಂದು."

ಖಾಲಿ ಕಾಲಮಿನಲ್ಲಿ ತನ್ನದೇ ಸಹಿ ಹಾಕಿ, ಎಷ್ಟು ಕಾಲದಿಂದ ಬಲ್ಲಿರಿ ಎಂಬಲ್ಲಿ 'ಏಳು ವರ್ಷ' ಎಂದು ಬರೆದಳು. ಹೆಸರು ಹಿಡಿದು ಕರೆಯಬೇಕೆಂದು ನನಗೆ ಬಹಳ ಅನ್ನಿಸಿತು.

"ಮುಂದಿನವರು ಬರ್ರಿ," ಎಂದಳು ಅವಳು.